ಅಟ್ಟದ ಮೇಲಿನ ಟೇಪು, ಬೆಂಗಳೂರಿನ ರಾಕ್

ಮಾರುಕಟ್ಟೆಗೆ ಬಾರದ ಸಂಗೀತಕ್ಕೆ ನೇರ ಧ್ವನಿಮುದ್ರಣವೇ ಸಾಕ್ಷಿ. ಹೊರನಾಡ ಸಂಘಗಳ ಪೆಟ್ಟಿಗೆಗಳಲ್ಲಿರುವುದೂ ಅಂಥದ್ದೇ

ಮಣಿಕೊಂಡ: ಹೈದರಾಬಾದಿನ ಪಶ್ಚಿಮ ಅಂಚಿನಲ್ಲಿ ಒಂದು ಕಾಲಕ್ಕೆ ಜಾಗೀರು ಗ್ರಾಮವಾಗಿದ್ದ ಮಣಿಕೊಂಡ ಈಗ ಅಪಾರ್ಟ್‌ಮೆಂಟ್‌ಗಳ ಊರು. ಗಚ್ಚಿಬೌಲಿ ಸುತ್ತಮುತ್ತಲಿನ ಕಂಪನಿಗಳಲ್ಲಿ ಕೆಲಸ ಹಿಡಿದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ ಕಡೆಗಳಿಂದ ಬಂದ ಕನ್ನಡ ಕುಟುಂಬಗಳು ಇಲ್ಲಿ ನೆಲೆ ಕಂಡುಕೊಂಡಿವೆ. ಊರು ಬಿಟ್ಟು ಊರಿಗೆ ಬಂದ ಮನೆಗಳಲ್ಲಿ ಬಿಚ್ಚದೆ ಉಳಿದ ಒಂದು ಪೆಟ್ಟಿಗೆಯಾದರೂ ಇರುತ್ತದೆ. ಮದುವೆಯ ಕ್ಯಾಸೆಟ್ಟು, ಅಜ್ಜಿ ಹೇಳಿದ ಸಂಪ್ರದಾಯದ ಹಾಡು, ಕಾಲೇಜು ದಿನಗಳ ಆರ್ಕೆಸ್ಟ್ರಾ, ಗೆಳೆಯನ ಬ್ಯಾಂಡಿನ ಒಂದು ಸಂಜೆ. ಹಾಕಿ ಕೇಳಲು ಟೇಪ್‌ರೆಕಾರ್ಡರ್ ಇಲ್ಲ, ಬಿಸಾಡಲು ಮನಸ್ಸಿಲ್ಲ.

ಅಂಥ ಪೆಟ್ಟಿಗೆಯೊಳಗಿನ ಟೇಪಿಗೆ ಏನು ಬೆಲೆ ಎಂದು ತಿಳಿಯಬೇಕಾದರೆ ಬೆಂಗಳೂರಿನ ರಾಕ್ ಸಂಗೀತದ ಕಥೆಯನ್ನು ನೋಡಬೇಕು. ಸುಮಾರು 50 ವರ್ಷಗಳ ಹಿಂದೆ ಆ ನಗರದಲ್ಲಿ ಜೋರಾಗಿ ಗಿಟಾರ್ ಬಾರಿಸಿದ, ಡ್ರಮ್ ಬಡಿದ ಹುಡುಗರು ಎಷ್ಟೋ ಮಂದಿ. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಅವರ ಧ್ವನಿಮುದ್ರಿಕೆಗಳು ಬೆರಳೆಣಿಕೆಯಷ್ಟು. ಹಾಗಾಗಿ ಯಾರೋ ಒಬ್ಬರು ಸಭಾಂಗಣದಲ್ಲಿ ಕೂತು ಹಿಡಿದ ಟೇಪು ಬ್ಯಾಂಡೊಂದು ಇತ್ತು ಎನ್ನುವುದಕ್ಕೇ ಸಾಕ್ಷಿಯಾಗುತ್ತದೆ.

ದಂಡು ಪ್ರದೇಶದ ಗಿಟಾರುಗಳು

ಬೆಂಗಳೂರಿಗೆ ಪಾಶ್ಚಾತ್ಯ ಸಂಗೀತ ಹೊಸದೇನಲ್ಲ. ದಂಡು ಪ್ರದೇಶದಲ್ಲಿ ಸೈನ್ಯದ ಬ್ಯಾಂಡುಗಳಿದ್ದವು, ಚರ್ಚುಗಳಲ್ಲಿ ಪಿಯಾನೊ ಮತ್ತು ಆರ್ಗನ್ ಇದ್ದವು, ಆಂಗ್ಲೋ ಇಂಡಿಯನ್ ಕುಟುಂಬಗಳ ಮನೆಗಳಲ್ಲಿ ಗಿಟಾರ್ ಇತ್ತು. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ವಾದ್ಯವೃಂದ ಕೇಳುವುದು ನಗರದ ಹಳೆಯ ರೂಢಿ. 1960ರ ದಶಕದಲ್ಲಿ ಬೀಟಲ್ಸ್ ಹುಚ್ಚು ಜಗತ್ತಿಗೆಲ್ಲ ಹಬ್ಬಿದಾಗ ಈ ನೆಲದಲ್ಲಿ ಅದು ಬೇಗ ಬೇರು ಬಿಟ್ಟಿತು. ದಶಕದ ಕೊನೆಗೆ ಗಿಟಾರಿನ ಸದ್ದು ಒರಟಾಯಿತು, ಡ್ರಮ್ಮಿನ ಏಟು ಭಾರವಾಯಿತು, ಒಂದೊಂದು ಹಾಡೂ ಹತ್ತು ಹದಿನೈದು ನಿಮಿಷಕ್ಕೆ ಬೆಳೆಯಿತು. ಇದಕ್ಕೇ ಹಾರ್ಡ್ ರಾಕ್ ಎಂಬ ಹೆಸರು ಬಂತು.

ಆ ಕಾಲದ ಬೆಂಗಳೂರಿನ ಹೆಸರುಗಳಲ್ಲಿ ಮೊದಲು ನೆನಪಾಗುವುದು ಹ್ಯೂಮನ್ ಬಾಂಡೇಜ್. ಮದರಾಸಿನಲ್ಲಿ 1948ರಲ್ಲಿ ಹುಟ್ಟಿದ ಡ್ರಮ್ಮರ್ ರಮೇಶ್ ಶೋತಮ್ ಮತ್ತು ಅವರ ಸಹೋದರ ಸುರೇಶ್ ಕಟ್ಟಿದ ತಂಡ ಇದು. ಮುಂದೆ ಜಾಝ್ ಗಾಯಕಿಯಾಗಿ ಬೆಂಗಳೂರಿನಲ್ಲಿ ಹೆಸರಾದ ರಾಧಾ ಥಾಮಸ್ ಕೂಡ ಈ ತಂಡದಲ್ಲಿ ಹಾಡಿದವರು. 1970ರ ದಶಕದ ಆರಂಭದಲ್ಲಿ ದೇಶದ ರಾಕ್ ಪ್ರಿಯರ ಬಾಯಲ್ಲಿ ಈ ತಂಡದ ಹೆಸರಿತ್ತು. ಪತ್ರಕರ್ತ ಸಿದ್ಧಾರ್ಥ್ ಭಾಟಿಯಾ 2014ರಲ್ಲಿ ಪ್ರಕಟಿಸಿದ 'ಇಂಡಿಯಾ ಸೈಕೆಡೆಲಿಕ್' ಎಂಬ ಇಂಗ್ಲಿಷ್ ಪುಸ್ತಕ ಆ ಪೀಳಿಗೆಯ ಕಥೆಯನ್ನೇ ಹೇಳುತ್ತದೆ.

ಅವರಿಗೆ ಸಿಕ್ಕ ಅನುಕೂಲ ಅಷ್ಟಕ್ಕಷ್ಟೆ. ವಿದೇಶಿ ವಸ್ತುಗಳ ಆಮದಿಗೆ ಬಿಗಿ ಕಟ್ಟುಪಾಡಿದ್ದ ಕಾಲ ಅದು. ಒಳ್ಳೆಯ ಎಲೆಕ್ಟ್ರಿಕ್ ಗಿಟಾರ್ ಬೇಕೆಂದರೆ ವಿದೇಶದಿಂದ ಬರುವವರ ಕಾಲು ಹಿಡಿಯಬೇಕು. ತಂತಿ ಕಡಿದರೆ ಹೊಸದು ಸಿಗುವ ತನಕ ಗಂಟು ಹಾಕಬೇಕು. ಆಂಪ್ಲಿಫೈಯರ್ ಬೇಕೆಂದರೆ ಊರಿನ ರೇಡಿಯೊ ಮೆಕ್ಯಾನಿಕ್ಕೇ ಗತಿ. ಇಷ್ಟರ ನಡುವೆ ಸ್ಟುಡಿಯೊ ಬಾಡಿಗೆ ಕೊಟ್ಟು ಹಾಡು ಮುದ್ರಿಸುವ ಮಾತು ದೂರವೇ ಉಳಿಯಿತು.

ಸಿಗರೇಟು ಕಂಪನಿಯ ಸ್ಪರ್ಧೆ, ಎರಡು ಎಲ್.ಪಿ.

ಇಂಥ ಹೊತ್ತಿನಲ್ಲಿ ಒಂದು ಬಾಗಿಲು ತೆರೆದದ್ದು ಸಿಗರೇಟು ಕಂಪನಿಯಿಂದ. ಸಿಮ್ಲಾ ಎಂಬ ಸಿಗರೇಟಿನ ಪ್ರಚಾರಕ್ಕಾಗಿ 'ಸಿಮ್ಲಾ ಬೀಟ್' ಎಂಬ ಅಖಿಲ ಭಾರತ ಬ್ಯಾಂಡ್ ಸ್ಪರ್ಧೆ ನಡೆಯುತ್ತಿತ್ತು. ಕಲ್ಕತ್ತಾ, ಮದರಾಸು, ಶಿಲ್ಲಾಂಗ್, ಬೊಂಬಾಯಿ ಎನ್ನದೆ ಎಲ್ಲ ಕಡೆಯ ಹುಡುಗರೂ ಅದಕ್ಕೆ ಕಾಯುತ್ತಿದ್ದರು. ಸ್ಪರ್ಧೆಯ ತಂಡಗಳ ಹಾಡುಗಳನ್ನು ಸೇರಿಸಿ 'ಸಿಮ್ಲಾ ಬೀಟ್ 70' ಮತ್ತು 'ಸಿಮ್ಲಾ ಬೀಟ್ 71' ಎಂಬ ಎರಡು ಎಲ್.ಪಿ.ಗಳು ಹೊರಬಂದವು.

ಮೊದಲ ಎಲ್.ಪಿ.ಯಲ್ಲಿ ಬೆಂಗಳೂರಿನ ಡೈನೋಸಾರ್ಸ್ ತಂಡದ ಹಾಡಿದೆ. ಅಮೆರಿಕದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡ 1969ರಲ್ಲಿ ಹೊರತಂದ 'ಸಿನಿಸ್ಟರ್ ಪರ್ಪಸ್' ಎಂಬ ಹಾಡನ್ನು ಡೈನೋಸಾರ್ಸ್ ತಮ್ಮ ಧಾಟಿಯಲ್ಲಿ ನುಡಿಸಿದರು. ಅಮೆರಿಕದಲ್ಲಿ ಬಿಡುಗಡೆಯಾದ ಹಾಡು ಹೆಚ್ಚು ದಿನ ಕಳೆಯುವ ಮೊದಲೇ ಬೆಂಗಳೂರಿನ ಹುಡುಗರ ಕೈಯಲ್ಲಿ ನುಡಿದಿತ್ತು ಎನ್ನುವುದೇ ಸೋಜಿಗ. ಎಲ್.ಪಿ. ಕೈಗೆ ಸಿಕ್ಕವರು ಸೂಜಿ ಎತ್ತಿ ಇಟ್ಟು, ಎತ್ತಿ ಇಟ್ಟು ಒಂದೊಂದು ಸ್ವರವನ್ನೂ ಕಿವಿಯಿಂದಲೇ ಕಲಿಯುತ್ತಿದ್ದ ಕಾಲವದು. ಅಂದು ಸಿಗರೇಟಿನ ಜಾಹೀರಾತಿಗಾಗಿ ಹುಟ್ಟಿದ ಈ ಎರಡು ತಟ್ಟೆಗಳು ಮುಂದೆ ವಿದೇಶದ ಸಂಗ್ರಾಹಕರು ಹುಡುಕುವ ವಸ್ತುಗಳಾದವು. ಹೊರದೇಶದ ಕಂಪನಿಗಳು ಅವುಗಳನ್ನು ಮರುಮುದ್ರಿಸಿದವು.

ಆ ಎರಡು ತಟ್ಟೆಗಳಿಲ್ಲದೆ ಹೋಗಿದ್ದರೆ ಡೈನೋಸಾರ್ಸ್ ಹೆಸರು ಹಳೆಯ ಗೆಳೆಯರ ಮಾತಿನಲ್ಲಷ್ಟೇ ಉಳಿಯುತ್ತಿತ್ತು. ಮೂರು ನಾಲ್ಕು ನಿಮಿಷದ ಒಂದು ಧ್ವನಿಮುದ್ರಣ ಒಂದು ತಂಡವನ್ನು ಮರೆವಿನಿಂದ ಎತ್ತಿ ತಂದಿತು. ಆ ಸ್ಪರ್ಧೆಯ ಎಲ್.ಪಿ.ಯಲ್ಲಿ ಜಾಗ ಸಿಗದ ತಂಡಗಳ ಪಾಡೇನು?

ಕನ್ನಡ ಸಂಘಕ್ಕೂ ಇದಕ್ಕೂ ಏನು ನಂಟು?

ಇಂಗ್ಲಿಷಿನಲ್ಲಿ ಹಾಡಿದವರ ಕಥೆ ಕನ್ನಡ ಸಂಘದವರಿಗೆ ಏಕೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಎರಡು.

ಮೊದಲನೆಯದು, ಇಂದಿನ ಕನ್ನಡ ರಾಕ್ ಬೆಳೆದದ್ದು ಅದೇ ನಗರದ ವೇದಿಕೆಗಳಲ್ಲಿ. ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಹಿಡಿದು ಹಾಡಿದಾಗ ಕನ್ನಡ ಬಾರದ ಹುಡುಗರೂ ದನಿಗೂಡಿಸಿದರು. ಅವರ ಮೊದಲ ಆಲ್ಬಂ 2008ರಲ್ಲಿ ಬಂತು, 2010ರಲ್ಲಿ ಬಿ.ಬಿ.ಸಿ.ಯ ವೇದಿಕೆಯಲ್ಲೂ ಅವರ ತಂಡ ಹಾಡಿತು. ಸ್ವರಾತ್ಮ ತಂಡ ಕನ್ನಡವನ್ನೂ ಹಿಂದಿಯನ್ನೂ ಜಾನಪದ ಮಟ್ಟುಗಳ ಜೊತೆ ರಾಕ್‌ಗೆ ಬೆರೆಸಿತು. ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದಾಗ ಹೈದರಾಬಾದಿನಂಥ ಊರುಗಳಿಂದಲೂ ರಾತ್ರಿ ಬಸ್ಸು ಹತ್ತಿ ಹೋದವರಿದ್ದರು. ಬೆಂಗಳೂರಿನ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕನ್ ಉತ್ಸವದಲ್ಲಿ ನುಡಿಸಿತು. ಈ ಪಂಕ್ತಿಯ ಮೊದಲ ಸಾಲಿನಲ್ಲಿ ಕೂತವರು ಹ್ಯೂಮನ್ ಬಾಂಡೇಜ್, ಡೈನೋಸಾರ್ಸ್‌ನಂಥವರು.

ಎರಡನೆಯದು ಸಂಘದ ಸದಸ್ಯರಿಗೆ ಇನ್ನೂ ಹತ್ತಿರದ ವಿಷಯ. ಮಾರುಕಟ್ಟೆಯ ಕಣ್ಣಿಗೆ ಬೀಳದ ಸಂಗೀತದ ಗತಿ ಏನಾಗುತ್ತದೆ ಎಂಬುದನ್ನು ಈ ಬ್ಯಾಂಡುಗಳು ತೋರಿಸುತ್ತವೆ. ಹೊರನಾಡ ಕನ್ನಡ ಸಂಘದ ವೇದಿಕೆಯೂ ಮಾರುಕಟ್ಟೆಯ ಕಣ್ಣಿಗೆ ಬೀಳದ ವೇದಿಕೆಯೇ.

1978ರ ಕ್ಯಾಸೆಟ್ಟು ಹೇಳುವ ಪಾಠ

ಇಲ್ಲೊಂದು ಹೋಲಿಕೆ ಗಮನಿಸಬೇಕು. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ಅದು ನಮ್ಮ ಮನೆಗಳಿಗೆ ಬಂದು ಸೇರಲು ಒಂದೂವರೆ ದಶಕವೇ ಹಿಡಿಯಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಹೊರಬಂತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ಅದರ ಹಿಂದೆಯೇ ಸಾಲು ಸಾಲು ಕ್ಯಾಸೆಟ್‌ಗಳು ಬಂದವು. ಸಿ. ಅಶ್ವತ್ಥ್ ಅವರ ದನಿ ಮನೆ ಮನೆ ಮುಟ್ಟಿತು. ಮುಂದೆ 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಹರಿದು ಬಂತು.

ಭಾವಗೀತೆಗೆ ಕ್ಯಾಸೆಟ್ ಕಂಪನಿ ಸಿಕ್ಕಿತು, ಕೊಳ್ಳುವ ಮಧ್ಯಮ ವರ್ಗ ಸಿಕ್ಕಿತು, ಆಕಾಶವಾಣಿಯೂ ಜೊತೆಗಿತ್ತು. ಅದೇ ಬೆಂಗಳೂರಿನ ರಾಕ್ ತಂಡಗಳಿಗೆ ಈ ಮೂರೂ ಸರಿಯಾಗಿ ಒದಗಲಿಲ್ಲ. ಇಂಗ್ಲಿಷ್ ಹಾಡು ಬೇಕೆನ್ನುವವರು ಲಂಡನ್, ನ್ಯೂಯಾರ್ಕಿನ ತಂಡಗಳ ಎಲ್.ಪಿ. ಕೊಳ್ಳುತ್ತಿದ್ದರು, ಊರಿನ ಹುಡುಗರ ಹಾಡನ್ನು ಕೇಳಲು ಸಭಾಂಗಣಕ್ಕೆ ಬರುತ್ತಿದ್ದರು, ಆದರೆ ಅಂಗಡಿಗೆ ಹೋಗುತ್ತಿರಲಿಲ್ಲ. ಸಂಗೀತದ ಗುಣಕ್ಕಿಂತ ಮಾರಾಟದ ದಾರಿಯೇ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ತೀರ್ಮಾನಿಸಿತು.

ವೇದಿಕೆಯ ಸದ್ದು ಟೇಪಿಗೆ ಇಳಿಯುವುದು ಹೇಗೆ?

ಸ್ಟುಡಿಯೊ ಇಲ್ಲದ ಮೇಲೆ ಉಳಿದದ್ದು ವೇದಿಕೆ. ಆದರೆ ಹಾರ್ಡ್ ರಾಕ್ ಸಂಗೀತವನ್ನು ವೇದಿಕೆಯಿಂದ ಟೇಪಿಗೆ ಇಳಿಸುವುದು ಸುಲಭದ ಮಾತಲ್ಲ.

ಸಭಾಂಗಣದ ಮಧ್ಯೆ ಕೂತು ಸಣ್ಣ ಕ್ಯಾಸೆಟ್ ರೆಕಾರ್ಡರಿನಲ್ಲಿ ಹಿಡಿದರೆ ಎದುರಿನವರ ಚಪ್ಪಾಳೆ, ಪಕ್ಕದವರ ಮಾತು, ಫ್ಯಾನಿನ ಸದ್ದು ಎಲ್ಲವೂ ಸೇರುತ್ತವೆ. ಅಂಥ ರೆಕಾರ್ಡರುಗಳಲ್ಲಿ ಸದ್ದಿನ ಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆ ಇರುತ್ತದೆ. ಡ್ರಮ್ಮಿಗೆ ಜೋರಾಗಿ ಒಂದು ಏಟು ಬಿದ್ದೊಡನೆ ಯಂತ್ರ ಹೆದರಿ ಮಟ್ಟ ಇಳಿಸುತ್ತದೆ. ಹಾಡುಗಾರನ ದನಿ ಮುಳುಗುತ್ತದೆ. ಮರುಕ್ಷಣ ಮತ್ತೆ ಮೇಲೇಳುತ್ತದೆ. ಹಳೆಯ ಆರ್ಕೆಸ್ಟ್ರಾ ಕ್ಯಾಸೆಟ್ಟುಗಳಲ್ಲಿ ಸದ್ದು ಉಸಿರಾಡಿದಂತೆ ಕೇಳುವುದಕ್ಕೆ ಇದೇ ಕಾರಣ.

ಹಾಗಾದರೆ ಮೈಕಿನವರ ಮಿಕ್ಸರಿನಿಂದಲೇ ತಂತಿ ಎಳೆದು ಮುದ್ರಿಸಿದರೆ? ಅಲ್ಲೂ ತೊಡಕಿದೆ. ಸಣ್ಣ ಸಭಾಂಗಣದಲ್ಲಿ ಡ್ರಮ್ಮಿಗೂ ಗಿಟಾರಿನ ಆಂಪ್ಲಿಫೈಯರಿಗೂ ಮೈಕು ಬೇಕಾಗುವುದಿಲ್ಲ, ಅವುಗಳ ಸದ್ದು ತಾನೇ ಸಾಕಷ್ಟಿರುತ್ತದೆ. ಮಿಕ್ಸರಿಗೆ ಬರುವುದು ಗಾಯಕರ ದನಿ ಮಾತ್ರ. ಹಾಗಾಗಿ ಟೇಪಿನಲ್ಲಿ ಹಾಡುಗಾರ ಕಿವಿಯ ಹತ್ತಿರ, ಗಿಟಾರ್ ಪಕ್ಕದ ಬೀದಿಯಲ್ಲಿ, ಡ್ರಮ್ಮು ಊರಾಚೆ. ಎರಡೂ ವಿಧದ ಟೇಪುಗಳು ಅಪೂರ್ಣವೇ. ಒಂದೇ ಕಾರ್ಯಕ್ರಮದ ಎರಡೂ ಟೇಪುಗಳು ಸಿಕ್ಕರೆ ಇಂದಿನ ಕಂಪ್ಯೂಟರಿನಲ್ಲಿ ಜೋಡಿಸಿ ಒಂದು ಪೂರ್ಣ ಚಿತ್ರ ಪಡೆಯಬಹುದು.

ಹಣ, ಸಲಕರಣೆ ಇದ್ದವರು ಹೇಗೆ ಮಾಡಿದರೆಂಬುದಕ್ಕೆ ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡದ 'ಮೇಡ್ ಇನ್ ಜಪಾನ್' ಉದಾಹರಣೆ. 1972ರ ಆಗಸ್ಟ್ 15, 16ರಂದು ಒಸಾಕಾದಲ್ಲಿ, 17ರಂದು ಟೋಕಿಯೊದಲ್ಲಿ ನಡೆದ ಮೂರು ಕಾರ್ಯಕ್ರಮಗಳನ್ನು ಹಲವು ಟ್ರ್ಯಾಕುಗಳಲ್ಲಿ ಮುದ್ರಿಸಲಾಯಿತು. ಒಂದೊಂದು ವಾದ್ಯಕ್ಕೂ ಬೇರೆ ಮೈಕು, ಬೇರೆ ದಾರಿ. ಜಪಾನಿನ ಅಭಿಮಾನಿಗಳಿಗೆಂದು ಶುರುವಾದ ಆ ಮುದ್ರಣ ಕೊನೆಗೆ ಜಗತ್ತಿನ ಶ್ರೇಷ್ಠ ನೇರ ಧ್ವನಿಮುದ್ರಿಕೆಗಳ ಸಾಲಿಗೆ ಸೇರಿತು. ಬೆಂಗಳೂರಿನ ಹುಡುಗರು ಅದೇ ಹಾಡುಗಳನ್ನು ನುಡಿಸುತ್ತಿದ್ದರು. ಮುಂದೆ ಇದ್ದದ್ದು ಒಂದು ಮೈಕು, ಒಂದು ಟೇಪು.

ತವಿಲ್ ಕಲಿತ ಡ್ರಮ್ಮರ್

ಹ್ಯೂಮನ್ ಬಾಂಡೇಜ್‌ನ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಪಾಶ್ಚಾತ್ಯ ಡ್ರಮ್ ನುಡಿಸುತ್ತಿದ್ದ ರಮೇಶ್ ಶೋತಮ್ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸೇರಿ ತವಿಲ್, ಘಟಂ ಮುಂತಾದ ನಮ್ಮ ವಾದ್ಯಗಳನ್ನು ಕಲಿತರು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ಮಣಿ ಅವರ ಪತ್ನಿ ಆರ್.ಎ. ರಮಾಮಣಿ ಅವರ ಗಾಯನವೂ ಇದರ ಹೆಮ್ಮೆ.

ಈ ಸಂಸ್ಥೆಯ ಹೆಸರು ರಾಕ್ ಲೋಕಕ್ಕೆ ತಲುಪಿದ್ದು ಒಂದು ಬಸ್ಸಿನಿಂದ. ಜರ್ಮನಿಯ ಎಂಬ್ರಿಯೊ ಎಂಬ ರಾಕ್ ತಂಡ 1978-79ರಲ್ಲಿ ಬಸ್ಸು ಹತ್ತಿ ಆಫ್ಘಾನಿಸ್ತಾನ, ಪಾಕಿಸ್ತಾನದ ರಸ್ತೆಗಳ ಮೂಲಕ ಭಾರತಕ್ಕೆ ಬಂತು. ಸುಮಾರು 9 ತಿಂಗಳ ಪ್ರಯಾಣ. ಸಿಕ್ಕ ಸಿಕ್ಕ ಊರಿನ ಕಲಾವಿದರೊಂದಿಗೆ ನುಡಿಸುತ್ತ, ದಾರಿಯುದ್ದಕ್ಕೂ ಧ್ವನಿಮುದ್ರಣ ಮಾಡುತ್ತ ಸಾಗಿದರು. 'ಎಂಬ್ರಿಯೋಸ್ ರೈಸ', ಅಂದರೆ ಎಂಬ್ರಿಯೊ ತಂಡದ ಪಯಣ, ಎಂಬ ಆಲ್ಬಂ ಆ ಟೇಪುಗಳಿಂದ ಹುಟ್ಟಿತು. ಬೆಂಗಳೂರಿನ ಈ ತಾಳವಾದ್ಯ ಕಲಾವಿದರ ಜೊತೆಗೂ ಅವರ ಸಂಗೀತ ಸಂಬಂಧ ಬೆಳೆಯಿತು. ರಮೇಶ್ ಕೂಡ ಎಂಬ್ರಿಯೊ ಜೊತೆ ನುಡಿಸಿದರು, ಮುಂದೆ ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿ ಯುರೋಪಿನ ಜಾಝ್ ವೇದಿಕೆಗಳಲ್ಲಿ ತವಿಲ್ ಸದ್ದು ಕೇಳಿಸಿದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ 'ಜ್ಯೋತಿ' ಎಂಬ ಆಲ್ಬಂ 1983ರಲ್ಲಿ ಜರ್ಮನಿಯ ಇ.ಸಿ.ಎಂ. ಕಂಪನಿಯಿಂದ ಬಂತು. ಟಿ.ಎ.ಎಸ್. ಮಣಿ 2020ರಲ್ಲಿ ಅಗಲಿದರೂ ಆ ನಾದ ಉಳಿದಿದೆ.

ಬಸ್ಸಿನಲ್ಲಿ ಬಂದ ಜರ್ಮನರು ಪ್ರತಿ ಊರಲ್ಲೂ ಟೇಪು ಓಡಿಸಿದರು. ಅದಕ್ಕೇ ಅವರ ಪ್ರಯಾಣ ಇಂದಿಗೂ ಕೇಳಸಿಗುತ್ತದೆ. ಊರಿನಲ್ಲೇ ಇದ್ದವರಿಗೆ ಆ ಅಭ್ಯಾಸವಾಗಲಿ ಅನುಕೂಲವಾಗಲಿ ಇರಲಿಲ್ಲ.

ಪೆಟ್ಟಿಗೆಯಿಂದ ಎದ್ದು ಬಂದವು

ಮರೆತ ಟೇಪುಗಳು ಮತ್ತೆ ಸಿಕ್ಕ ಪ್ರಸಂಗಗಳು ಜಗತ್ತಿನಲ್ಲಿ ಹಲವು. 1957ರ ನವೆಂಬರ್ 29ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಥೆಲೋನಿಯಸ್ ಮಾಂಕ್ ಮತ್ತು ಜಾನ್ ಕೋಲ್ಟ್ರೇನ್ ಒಟ್ಟಿಗೆ ನುಡಿಸಿದ ಜಾಝ್ ಕಾರ್ಯಕ್ರಮವನ್ನು ವಾಯ್ಸ್ ಆಫ್ ಅಮೆರಿಕ ಮುದ್ರಿಸಿತ್ತು. ಆ ಟೇಪು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಪಾಟಿನಲ್ಲೇ ಇತ್ತು. ಹಳೆಯ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸ ನಡೆಯುತ್ತಿದ್ದಾಗ 2005ರಲ್ಲಿ ಅದು ಕಣ್ಣಿಗೆ ಬಿತ್ತು.

ಅದಕ್ಕಿಂತ ನಮಗೆ ಹತ್ತಿರವೆನಿಸುವುದು ಇಂಗ್ಲೆಂಡಿನ ಒಬ್ಬ ಶಾಲಾ ಹುಡುಗನ ಟೇಪು. 1963ರ ಏಪ್ರಿಲ್ 4ರಂದು ಸ್ಟೋವ್ ಶಾಲೆಗೆ ಬಂದು ಬೀಟಲ್ಸ್ ಹಾಡಿದರು. ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಟೇಪ್‌ರೆಕಾರ್ಡರಿನಲ್ಲಿ ಅದನ್ನು ಹಿಡಿದಿಟ್ಟ. ಗಂಟೆಗೂ ಮೀರಿದ ಆ ಧ್ವನಿಮುದ್ರಣದ ಸುದ್ದಿ ಲೋಕಕ್ಕೆ ತಿಳಿದದ್ದು 2023ರಲ್ಲಿ, ಅರವತ್ತು ವರ್ಷಗಳ ನಂತರ! ಇಂಗ್ಲೆಂಡಿನಲ್ಲಿ ಬೀಟಲ್ಸ್ ನಡೆಸಿಕೊಟ್ಟ ಒಂದು ಪೂರ್ಣ ಕಾರ್ಯಕ್ರಮದ ಅತಿ ಹಳೆಯ ಮುದ್ರಣ ಅದೇ ಎಂದು ತಜ್ಞರು ಗುರುತಿಸಿದರು. ಯಾವ ಕಂಪನಿಯೂ ಮಾಡದ ಕೆಲಸವನ್ನು ಹವ್ಯಾಸಕ್ಕೆ ಟೇಪು ಓಡಿಸಿದ ಹುಡುಗನೊಬ್ಬ ಮಾಡಿದ್ದ.

ಬೀಟಲ್ಸ್‌ನಂಥ ತಂಡದ ಕಥೆಯೇ ಹೀಗಾದರೆ ಬೆಂಗಳೂರು, ಮಂಗಳೂರು, ಧಾರವಾಡದ ಕಾಲೇಜು ತಂಡಗಳ ಬಗ್ಗೆ ಹೇಳುವುದೇನಿದೆ? ಅವು ಉಳಿದಿದ್ದರೆ ಯಾರದೋ ಅಟ್ಟದ ಮೇಲೆಯೇ ಉಳಿದಿರಬೇಕು.

ಟೇಪಿಗೂ ಆಯುಷ್ಯವಿದೆ

ಉಳಿದಿರುವ ಟೇಪು ಶಾಶ್ವತವೂ ಅಲ್ಲ. ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಬ್ಬಿಣದ ಆಕ್ಸೈಡಿನ ಪುಡಿ. ಹಾಡು ಇರುವುದು ಆ ಪುಡಿಯಲ್ಲಿ; ಮೊದಲು ಸೋಲುವುದು ಅಂಟು. ಗಾಳಿಯ ತೇವ ಹೀರಿಕೊಂಡ ಅಂಟು ಜಿಗುಟಾಗುತ್ತದೆ, ಟೇಪು ಕಿರುಗುಡುತ್ತದೆ, ಪುಡಿ ಉದುರುತ್ತದೆ. 1970 ಮತ್ತು 80ರ ದಶಕದ ಕೆಲವು ಸ್ಪೂಲ್ ಟೇಪುಗಳಿಗೆ ಈ ಕಾಯಿಲೆ ಹೆಚ್ಚು. ಇನ್ನೂ ಹಳೆಯ ಅಸಿಟೇಟ್ ಟೇಪುಗಳ ಡಬ್ಬ ತೆರೆದರೆ ವಿನೆಗರ್ ವಾಸನೆ ಬರುವುದುಂಟು. ಅದು ಪಟ್ಟಿಯೇ ಕೊಳೆಯುತ್ತಿರುವ ಗುರುತು.

ಹೈದರಾಬಾದಿನ ಹವೆ ಟೇಪಿಗೆ ಒಗ್ಗುವುದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯ ಅಟ್ಟ ಒಲೆಯಂತೆ ಕಾಯುತ್ತದೆ. ಅದರ ಹಿಂದೆಯೇ ಮಳೆಗಾಲದ ತೇವ. ಕಾದು ತೊಯ್ಯುವ ಈ ಆಟದಲ್ಲಿ ಟೇಪಿನ ಸುರುಳಿ ಹಿಗ್ಗಿ ಕುಗ್ಗುತ್ತದೆ, ಅಂಚಿಗೆ ಬೂಷ್ಟು ಹಿಡಿಯುತ್ತದೆ.

ಟೇಪಿಗಿಂತ ಮೊದಲು ಮಾಯವಾಗುತ್ತಿರುವುದು ಅದನ್ನು ನುಡಿಸುವ ಯಂತ್ರ. ಒಳ್ಳೆಯ ಡೆಕ್ಕುಗಳ ತಯಾರಿಕೆ ನಿಂತು ಕಾಲವಾಯಿತು. ಬೆಲ್ಟು, ಹೆಡ್ಡು ಸಿಗುವುದು ಕಷ್ಟ. ರಿಪೇರಿ ಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘ 2019ರಲ್ಲಿ 'ಮ್ಯಾಗ್ನೆಟಿಕ್ ಟೇಪ್ ಅಲರ್ಟ್' ಎಂಬ ಎಚ್ಚರಿಕೆ ಕೊಟ್ಟವು. ಟೇಪಿನಲ್ಲಿರುವುದನ್ನು ಹೊರತೆಗೆಯಲು 2025ರ ಸುಮಾರಿನ ನಂತರ ಯಂತ್ರಗಳು ಸಿಗುವುದು ದುಸ್ತರವಾಗಬಹುದು ಎಂಬುದೇ ಅದರ ಸಾರ. ಆ ಗಡುವು ಈಗ ಬಂದಿದೆ.

ಮನೆಯಲ್ಲೇ ಮಾಡಬಹುದಾದದ್ದು

ಪೆಟ್ಟಿಗೆ ಇಳಿಸಿದ ಕೂಡಲೇ ಕ್ಯಾಸೆಟ್ಟನ್ನು ಪ್ಲೇಯರಿಗೆ ತುರುಕುವುದು ಬೇಡ. ಮೊದಲು ನೋಡಬೇಕು. ಬಿಳಿ ಬೂಷ್ಟು ಕಂಡರೆ ಬೇರೆ ಇಟ್ಟು ಅನುಭವಸ್ಥರಿಗೆ ಕೊಡುವುದು ಲೇಸು, ಇಲ್ಲದಿದ್ದರೆ ಒಂದರ ಬೂಷ್ಟು ಯಂತ್ರದ ಮೂಲಕ ಹತ್ತಕ್ಕೆ ಹಬ್ಬುತ್ತದೆ. ಟೇಪಿನ ಹಿಂದಿರುವ ಪುಟ್ಟ ಮೆತ್ತೆ ಉದುರಿದ್ದರೆ ಸದ್ದು ಮಂಕಾಗುತ್ತದೆ. ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಟೇಪನ್ನು ವರ್ಗಾಯಿಸಿದರೆ ಅದು ಸರಿಹೋಗುತ್ತದೆ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಟ್ಟರೆ ಅಕಸ್ಮಾತ್ ಅಳಿಸಿಹೋಗುವ ಭಯವಿಲ್ಲ.

ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಟೇಪನ್ನು ಒಮ್ಮೆ ಕೊನೆಯ ತನಕ ಓಡಿಸಿ ಮತ್ತೆ ಮೊದಲಿಗೆ ತಂದರೆ ಸುರುಳಿಯ ಬಿಗಿ ಸಮವಾಗುತ್ತದೆ. ಆಮೇಲೆ ಡೆಕ್ಕಿನಿಂದ ಕಂಪ್ಯೂಟರಿಗೆ ಜೋಡಿಸಿ ಮುದ್ರಿಸಬೇಕು. 24 ಬಿಟ್, 48 ಕಿಲೋಹರ್ಟ್ಜ್‌ಗಿಂತ ಕಡಿಮೆ ಬೇಡ. ಹಾಗೆ ಮಾಡಿದರೆ ಒಂದು ಗಂಟೆಯ ಸ್ಟೀರಿಯೊ ಹಾಡಿಗೆ ಸುಮಾರು 1 ಜಿ.ಬಿ. ಜಾಗ ಬೇಕು. 90 ನಿಮಿಷದ ಕ್ಯಾಸೆಟ್ಟಿಗೆ ಒಂದೂವರೆ ಜಿ.ಬಿ. ಇಂದಿನ ಪೆನ್‌ಡ್ರೈವಿಗೆ ಅದು ಲೆಕ್ಕವೇ ಅಲ್ಲ. ಎಂ.ಪಿ.3 ಮಾಡಿ ಗೆಳೆಯರಿಗೆ ಕಳಿಸಬಹುದು, ಆದರೆ ಮೂಲ ಪ್ರತಿ ವೇವ್ ಫೈಲಿನಲ್ಲೇ ಇರಲಿ. ಹಿಸ್ ಸದ್ದು ತೆಗೆಯುವ ಸಾಫ್ಟ್‌ವೇರನ್ನು ಮೂಲ ಪ್ರತಿಯ ಮೇಲೆ ಓಡಿಸುವುದು ತಪ್ಪು. ಹಿಸ್ ಜೊತೆ ಹಾಡಿನ ಮೆರುಗೂ ಹೋಗುತ್ತದೆ.

ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ ಎಂಬುದು ಸಂಗ್ರಹಾಲಯದವರ ಸೂತ್ರ. 2000ದ ದಶಕದಲ್ಲಿ ಟೇಪುಗಳನ್ನು ಸಿ.ಡಿ.ಗೆ ಸುಟ್ಟು ನಿಶ್ಚಿಂತರಾದವರು ಆ ಸಿ.ಡಿ.ಗಳನ್ನೂ ಈಗಲೇ ತೆರೆದು ನೋಡಬೇಕು. ಮನೆಯಲ್ಲಿ ಬರೆದ ಸಿ.ಡಿ.ಯ ಬಣ್ಣದ ಪದರ ಟೇಪಿಗಿಂತ ಮೊದಲೇ ಕೈಕೊಡಬಹುದು. ಡಿಜಿಟಲ್ ಪ್ರತಿ ಮಾಡಿದ ಮೇಲೂ ಮೂಲ ಟೇಪನ್ನು ಎಸೆಯಬಾರದು. ನಾಳೆ ಇನ್ನೂ ಒಳ್ಳೆಯ ಯಂತ್ರ ಬರಬಹುದು.

ಎಲ್ಲಕ್ಕಿಂತ ಮುಖ್ಯ, ಬರೆದಿಡುವುದು. ಯಾವ ವರ್ಷ, ಯಾವ ಊರು, ಯಾವ ಸಭಾಂಗಣ, ಹಾಡಿದವರು ಯಾರು, ತಬಲಾ ಯಾರು, ಗಿಟಾರ್ ಯಾರು, ಟೇಪು ಹಿಡಿದವರು ಯಾರು. ಇದು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆಯಬೇಕು. ಹೆಸರಿಲ್ಲದ ಟೇಪು ಅರ್ಧ ಸತ್ತ ಟೇಪು.

ಹಕ್ಕಿನ ಮಾತು

ಹಳೆಯ ಬ್ಯಾಂಡಿನ ಟೇಪು ಸಿಕ್ಕಿತೆಂದು ಕೂಡಲೇ ಊರಿಗೆಲ್ಲ ಹಂಚುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟವಾದ ಧ್ವನಿಮುದ್ರಿಕೆಯ ಹಕ್ಕು 60 ವರ್ಷ. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ. ವೇದಿಕೆಯ ಮೇಲೆ ಹಾಡಿದ, ನುಡಿಸಿದ ಕಲಾವಿದರಿಗೂ 1994ರ ತಿದ್ದುಪಡಿಯಿಂದ ಪ್ರತ್ಯೇಕ ಹಕ್ಕು ಬಂದಿದೆ. ಅದರ ಅವಧಿ 50 ವರ್ಷ. ಖಾಸಗಿ ಬಳಕೆಗೆ, ಅಧ್ಯಯನಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಸಾರ್ವಜನಿಕವಾಗಿ ಹರಿಯಬಿಡುವ ಮುನ್ನ ಕಲಾವಿದರ ಒಪ್ಪಿಗೆ ಪಡೆಯುವುದು ಕಾನೂನಿಗೂ ಸೌಜನ್ಯಕ್ಕೂ ತಕ್ಕದ್ದು.

ಬೆಲೆಯುಳ್ಳ ಸಂಗ್ರಹವಿದ್ದರೆ ತಲುಪಿಸಲು ಸಂಸ್ಥೆಗಳಿವೆ. ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಸಂಗ್ರಹ ಮತ್ತು ಸಂಶೋಧನಾ ಕೇಂದ್ರ 1982ರಿಂದ ಕೆಲಸ ಮಾಡುತ್ತ ಬಂದಿದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಎಂಬ ಸಂಗೀತ ವಸ್ತುಸಂಗ್ರಹಾಲಯವಿದೆ.

ನಮ್ಮ ವೇದಿಕೆಯ ಸದ್ದು

ಹೈದರಾಬಾದಿನ ಕನ್ನಡ ನಿನ್ನೆ ಮೊನ್ನೆಯದಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಇದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಆ ಪರಂಪರೆಯ ಗುರುತುಗಳು. ಇಲ್ಲಿನ ವೇದಿಕೆಗಳಲ್ಲಿ ದಶಕಗಳಿಂದ ನಾಟಕ, ಭಾವಗೀತೆ, ರಾಜ್ಯೋತ್ಸವದ ಆರ್ಕೆಸ್ಟ್ರಾ, ಮಕ್ಕಳ ಹಾಡು ನಡೆಯುತ್ತ ಬಂದಿವೆ. ಇವನ್ನು ಯಾವ ಕ್ಯಾಸೆಟ್ ಕಂಪನಿ ಮುದ್ರಿಸಿತು? ಸದಸ್ಯರೊಬ್ಬರು ಮುಂದಿನ ಸಾಲಿನಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತಿದ್ದರೆ ಮಾತ್ರ ಉಂಟು. ಬೆಂಗಳೂರಿನ ರಾಕ್ ತಂಡಗಳಿಗೆ ಆದದ್ದು ಹೊರನಾಡ ಸಂಘಗಳಿಗೂ ಆಗುವುದು ಹೀಗೆ.

ಸಂಘಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮಣಿಕೊಂಡದಂಥ ಬಡಾವಣೆಯಲ್ಲಿ ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರಿಗೆ ಬರವಿಲ್ಲ. ರಿಪೇರಿಯಾದ ಒಂದು ಒಳ್ಳೆಯ ಕ್ಯಾಸೆಟ್ ಡೆಕ್, ಒಂದು ಲ್ಯಾಪ್‌ಟಾಪ್, ಎರಡು ಹಾರ್ಡ್‌ಡಿಸ್ಕ್ ಸಂಘದ ಕೋಣೆಯಲ್ಲಿದ್ದರೆ ಭಾನುವಾರಕ್ಕೆ ನಾಲ್ಕೈದು ಟೇಪು ಇಳಿಸಬಹುದು. ಹಿರಿಯರು ಪಕ್ಕದಲ್ಲಿ ಕೂತು ದನಿ ಗುರುತಿಸಿ ಹೆಸರು ಹೇಳಿದರೆ ಕಿರಿಯರು ಬರೆದುಕೊಳ್ಳಬಹುದು. ವರ್ಷ ಕಳೆಯುವುದರೊಳಗೆ ಇನ್ನೂರು ಟೇಪು ದಾಟುತ್ತವೆ.

ಆ ಇನ್ನೂರರಲ್ಲಿ ಬಹುಪಾಲು ಮದುವೆ, ನಾಮಕರಣ, ಸಿನಿಮಾ ಹಾಡುಗಳ ನಕಲು ಇದ್ದಾವು. ಒಂದರಲ್ಲಿ ಎಪ್ಪತ್ತರ ದಶಕದ ಕಾಲೇಜು ಸಭಾಂಗಣವೊಂದರಲ್ಲಿ ಗಿಟಾರ್ ಮೊಳಗಿದ್ದರೆ, ಇನ್ನೊಂದರಲ್ಲಿ ಕಾಚಿಗುಡದ ವೇದಿಕೆಯಲ್ಲಿ ಈಗಿಲ್ಲದ ಹಿರಿಯರೊಬ್ಬರು ಹಾಡಿದ್ದರೆ, ಅಟ್ಟ ಹತ್ತಿದ ಶ್ರಮ ಸಾರ್ಥಕ. ಈ ಬಾರಿಯ ಮಳೆಗಾಲಕ್ಕೆ ಮೊದಲೇ ಪೆಟ್ಟಿಗೆ ಕೆಳಗಿಳಿಯಲಿ.